ನಮ್ಮ ಅಂಕಪಟ್ಟಿ, ಅಮೆರಿಕದ ಜಿ.ಪಿ.ಎ.



ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಇಂಜಿನಿಯರಿಂಗ್ ಮುಗಿಸಿ, ಅಮೆರಿಕದಲ್ಲಿ ಎಂ.ಎಸ್. ಓದಬೇಕೆಂದು ಎರಡು ವರ್ಷ ಕೆಲಸ ಮಾಡಿ ಹಣ ಕೂಡಿಟ್ಟಿದ್ದ ಹುಡುಗ. ಜಿ.ಆರ್.ಇ. ಪರೀಕ್ಷೆಯನ್ನೂ ಚೆನ್ನಾಗಿಯೇ ಮಾಡಿದ್ದ. "ಎಲ್ಲೆಲ್ಲಿಗೆ ಅರ್ಜಿ ಹಾಕಿದೆಯಪ್ಪಾ?" ಎಂದು ಕೇಳಿದೆ. "ಹಾಕಲಿಲ್ಲ ಸಾರ್. ಅವರು ಕನಿಷ್ಠ 3.0 ಜಿ.ಪಿ.ಎ. ಇರಬೇಕು ಅಂತಾರೆ. ನನ್ನದು 2.72 ಅಷ್ಟೆ" ಎಂದ. ಈ 2.72 ನಿನಗೆ ಕೊಟ್ಟವರು ಯಾರು ಎಂದು ವಿಚಾರಿಸಿದರೆ, ಯಾರೂ ಕೊಟ್ಟಿರಲಿಲ್ಲ. ಅವನ ಅಂಕ ಶೇಕಡಾ 68. ನಮ್ಮಲ್ಲಿ ಗರಿಷ್ಠ 100, ಅವರಲ್ಲಿ ಗರಿಷ್ಠ 4. ಆದ್ದರಿಂದ 25ರಿಂದ ಭಾಗಿಸಿಬಿಟ್ಟಿದ್ದ. ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾಗಿದ್ದ ಹುಡುಗ, ಬೇರೆ ಯಾರೂ ತಿರಸ್ಕರಿಸುವ ಮೊದಲೇ ತನ್ನನ್ನು ತಾನು ತಿರಸ್ಕರಿಸಿಕೊಂಡು ಒಂದು ವರ್ಷ ಕಳೆದುಕೊಂಡಿದ್ದ.

ಅವನ ಭಾಗಾಕಾರ ಸರಿಯಾಗಿಯೇ ಇತ್ತು. ಆದರೆ ಅಲ್ಲಿ ಭಾಗಾಕಾರ ಮಾಡಬಹುದು ಎಂದುಕೊಂಡದ್ದೇ ತಪ್ಪು. ಏಕೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲು ಜಿ.ಪಿ.ಎ. ಎಂದರೇನೆಂದು ತಿಳಿದುಕೊಳ್ಳಬೇಕು. ಅಮೆರಿಕದ ಕಾಲೇಜಿನಲ್ಲಿ ಅಧ್ಯಾಪಕರು ಪ್ರತಿ ವಿಷಯಕ್ಕೂ ಒಂದು ಅಕ್ಷರ ಕೊಡುತ್ತಾರೆ. 'ಎ' ಬಂದರೆ 4, 'ಬಿ'ಗೆ 3, 'ಸಿ'ಗೆ 2, 'ಡಿ'ಗೆ 1, 'ಎಫ್' ಬಂದರೆ ಸೊನ್ನೆ. ಪ್ರತಿ ವಿಷಯಕ್ಕೂ ಇಷ್ಟು ಕ್ರೆಡಿಟ್ ಎಂಬ ತೂಕವೂ ಇರುತ್ತದೆ. ಒಂದು ಸೆಮಿಸ್ಟರಿನಲ್ಲಿ ಒಬ್ಬಳು ನಾಲ್ಕು ಕ್ರೆಡಿಟ್ಟಿನ ಗಣಿತದಲ್ಲಿ 'ಎ', ನಾಲ್ಕು ಕ್ರೆಡಿಟ್ಟಿನ ಭೌತಶಾಸ್ತ್ರದಲ್ಲಿ 'ಬಿ', ಮೂರು ಕ್ರೆಡಿಟ್ಟಿನ ಇಂಗ್ಲಿಷಿನಲ್ಲಿ 'ಎ', ಮೂರು ಕ್ರೆಡಿಟ್ಟಿನ ಇತಿಹಾಸದಲ್ಲಿ 'ಸಿ' ಪಡೆದಳೆನ್ನಿ. 16, 12, 12, 6 ಕೂಡಿಸಿದರೆ 46. ಒಟ್ಟು 14 ಕ್ರೆಡಿಟ್‌ಗಳಿಂದ ಭಾಗಿಸಿದರೆ 3.29. ಇದೇ ಅವಳ ಆ ಸೆಮಿಸ್ಟರಿನ ಜಿ.ಪಿ.ಎ. ಇಲ್ಲಿ ಸರಾಸರಿ ಮಾಡಿರುವುದು ಅಂಕಗಳನ್ನಲ್ಲ, ಅಕ್ಷರಗಳನ್ನು, ಅಂದರೆ ಅಧ್ಯಾಪಕರ ತೀರ್ಮಾನಗಳನ್ನು ಎಂಬುದನ್ನು ಗಮನಿಸಿ.

ಅಕ್ಷರ ಕೊಡುವುದಕ್ಕೂ ಅವರಲ್ಲಿ ಶೇಕಡಾವಾರು ಲೆಕ್ಕ ಉಂಟು. ಸಾಮಾನ್ಯವಾಗಿ 90ಕ್ಕಿಂತ ಮೇಲೆ 'ಎ', 80ರ ಮೇಲೆ 'ಬಿ', 70ರ ಮೇಲೆ 'ಸಿ', 60ರ ಮೇಲೆ 'ಡಿ', 60ಕ್ಕಿಂತ ಕೆಳಗೆ 'ಎಫ್'. ಇದು ಕಾನೂನೇನಲ್ಲ, ಒಬ್ಬೊಬ್ಬ ಅಧ್ಯಾಪಕರು ಒಂದೊಂದು ರೀತಿ ಮಾಡುತ್ತಾರೆ. ಆದರೂ ಅಲ್ಲಿನವರ ಮನಸ್ಸಿನಲ್ಲಿ ಬೇರೂರಿರುವ ಅಳತೆ ಇದು. ಈಗ ನಮ್ಮ ಅಳತೆಯನ್ನು ಪಕ್ಕದಲ್ಲಿಡಿ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ತಲೆಮಾರುಗಳಿಂದ 60 ಎಂದರೆ ಪ್ರಥಮ ದರ್ಜೆ. ಎಸ್.ಎಸ್.ಎಲ್.ಸಿ. ಮತ್ತು ಪಿ.ಯು.ಸಿ.ಯಲ್ಲಿ ಬಹುಕಾಲ 35 ಅಂಕವೇ ಉತ್ತೀರ್ಣತೆಯ ಗೆರೆಯಾಗಿತ್ತು. ನಮ್ಮಲ್ಲಿ ಪ್ರಥಮ ದರ್ಜೆ ಶುರುವಾಗುವ ಅಂಕದಲ್ಲಿ ಅವರಲ್ಲಿ ನಪಾಸಿನ ಗಡಿ ಇದೆ! 68 ಎಂಬ ಸಂಖ್ಯೆಯನ್ನು ಅಲ್ಲಿನ ಸಾಮಾನ್ಯ ಓದುಗನೊಬ್ಬ ನೋಡಿದರೆ 'ಡಿ' ಎಂದುಕೊಳ್ಳುತ್ತಾನೆ. ನಮ್ಮೂರಿನ ಹಳೆಯ ಅಧ್ಯಾಪಕರೊಬ್ಬರು ನೋಡಿದರೆ ಬೆನ್ನು ತಟ್ಟುತ್ತಾರೆ. ಸಂಖ್ಯೆ ಒಂದೇ, ಅದರ ಅರ್ಥ ಒಂದೇ ಅಲ್ಲ.

ಇದಕ್ಕೆ ಕಾರಣ ನಮ್ಮ ಹುಡುಗರು ದಡ್ಡರೆಂಬುದೂ ಅಲ್ಲ, ಅವರ ಅಧ್ಯಾಪಕರು ಧಾರಾಳಿಗಳೆಂಬುದೂ ಅಲ್ಲ. ಪರೀಕ್ಷೆಯ ಪದ್ಧತಿಯೇ ಬೇರೆ. ನಮ್ಮಲ್ಲಿ ವರ್ಷದ ಅಥವಾ ಸೆಮಿಸ್ಟರಿನ ಕೊನೆಯಲ್ಲಿ ಮೂರು ಗಂಟೆಯ ಒಂದು ಪರೀಕ್ಷೆಗೆ ದೊಡ್ಡ ತೂಕ. ಪ್ರಶ್ನೆಪತ್ರಿಕೆ ಮಾಡುವವರು ಒಬ್ಬರು, ಉತ್ತರಪತ್ರಿಕೆ ತಿದ್ದುವವರು ಇನ್ನೊಬ್ಬರು. ಪ್ರಬಂಧರೂಪದ ಉತ್ತರಕ್ಕೆ ಹತ್ತಕ್ಕೆ ಹತ್ತು ಕೊಡಲು ನಮ್ಮ ಪರೀಕ್ಷಕರಿಗೆ ಕೈ ಬರುವುದಿಲ್ಲ. ಏಳು ಕೊಟ್ಟರೆ ಅದೇ ದೊಡ್ಡ ಮೆಚ್ಚುಗೆ. ಅಮೆರಿಕದಲ್ಲಿ ಪಾಠ ಮಾಡಿದವರೇ ಪರೀಕ್ಷಕರು. ಮನೆಗೆಲಸ, ಕಿರುಪರೀಕ್ಷೆ, ಪ್ರಯೋಗ, ಪ್ರಬಂಧ ಎಲ್ಲವೂ ಸೇರಿ ಅಂಕವಾಗುತ್ತದೆ.

ಅವರ ಅಕ್ಷರಪದ್ಧತಿಯೂ ಆಕಾಶದಿಂದ ಇಳಿದುಬಂದದ್ದಲ್ಲ. ಯೇಲ್ ಕಾಲೇಜಿನ ಅಧ್ಯಕ್ಷರಾಗಿದ್ದ ಎಜ್ರಾ ಸ್ಟೈಲ್ಸ್ 1785ರಲ್ಲಿ 58 ವಿದ್ಯಾರ್ಥಿಗಳನ್ನು ಪರೀಕ್ಷಿಸಿ, ಲ್ಯಾಟಿನ್ ಹೆಸರುಗಳ ನಾಲ್ಕು ಗುಂಪು ಮಾಡಿ ದಿನಚರಿಯಲ್ಲಿ ಬರೆದಿಟ್ಟರು. ಮೌಂಟ್ ಹೋಲಿಯೋಕ್ ಎಂಬ ಮಹಿಳಾ ಕಾಲೇಜು 1897ರಲ್ಲಿ ಅಕ್ಷರಗಳನ್ನು ಬಳಸಿದಾಗ ಅಲ್ಲಿ 75ಕ್ಕಿಂತ ಕಡಿಮೆ ಬಂದವರು ಅನುತ್ತೀರ್ಣರು. ಒಂದೇ ದೇಶದೊಳಗೇ ಗೆರೆ ಹೀಗೆ ಅತ್ತಿತ್ತ ಸರಿದಿದೆ.

ನಮ್ಮದೊಂದೇ ದೇಶಕ್ಕೆ ಈ ತೊಂದರೆ ಎಂದು ತಿಳಿಯಬೇಡಿ. ಫ್ರಾನ್ಸಿನಲ್ಲಿ ಅಂಕ ಇಪ್ಪತ್ತಕ್ಕೆ. ಹತ್ತು ಬಂದರೆ ಪಾಸು. ಹದಿನಾರು ಬಂದರೆ ಅವರ ಶಾಲಾಂತ್ಯ ಪರೀಕ್ಷೆಯಲ್ಲಿ 'ಬಹಳ ಚೆನ್ನಾಗಿದೆ' ಎಂಬ ಶಿಫಾರಸು. ಜರ್ಮನಿಯದು ಇನ್ನೂ ಸ್ವಾರಸ್ಯ. ಅಲ್ಲಿ 1 ಅತ್ಯುತ್ತಮ, 4 ಬಂದರೆ ಬರಿಯ ಉತ್ತೀರ್ಣ, 5 ಬಂದರೆ ನಪಾಸು. ಜರ್ಮನಿಯ ಅತಿ ಬುದ್ಧಿವಂತ ಹುಡುಗಿ ತನ್ನ 1.0 ಅಂಕವನ್ನು ಹಾಗೆಯೇ ಅಮೆರಿಕದ ನಾಲ್ಕರ ಮಾನಕ್ಕೆ ತಂದು ಕೂಡಿಸಿದರೆ ಅವಳಿಗೆ ಸಿಗುವುದು 'ಡಿ'. ಯಾರೂ ಹಾಗೆ ಮಾಡುವುದಿಲ್ಲ, ಏಕೆಂದರೆ ತಪ್ಪು ಕಣ್ಣಿಗೆ ರಾಚುತ್ತದೆ. ನಮ್ಮ ನೂರರ ಲೆಕ್ಕದಲ್ಲಿ ತಪ್ಪು ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ ವ್ಯತ್ಯಾಸ.

ಹಾಗಾದರೆ ಸರಿಯಾದ ಸೂತ್ರ ಯಾವುದು ಎಂದು ನೀವು ಕೇಳುತ್ತೀರಿ. ಇಲ್ಲಿಯೇ ಬಹಳ ಜನ ಎಡವುವುದು. ಅಮೆರಿಕಕ್ಕೆಲ್ಲ ಅನ್ವಯಿಸುವ ಒಂದು ಸೂತ್ರ ಇಲ್ಲವೇ ಇಲ್ಲ. ಜರ್ಮನಿಗೆ ಹೋಗುವ ಗೆಳೆಯರು 'ಬವೇರಿಯನ್ ಸೂತ್ರ' ಎಂಬ ಒಂದನ್ನು ಹೇಳುವುದನ್ನು ಕೇಳಿರಬಹುದು. ಅದು ಜರ್ಮನಿಗೆ ಸರಿ, ಅಮೆರಿಕಕ್ಕೆ ಅದು ಸಂಬಂಧಪಟ್ಟದ್ದಲ್ಲ. ಅಮೆರಿಕದ ಕೇಂದ್ರ ಸರ್ಕಾರದ ಶಿಕ್ಷಣ ಇಲಾಖೆ ವಿದೇಶಿ ಅಂಕಪಟ್ಟಿಗಳನ್ನು ಅಳೆಯುವ ಕೆಲಸವನ್ನು ಮಾಡುವುದಿಲ್ಲ. ಆ ತೀರ್ಮಾನ ಆಯಾ ವಿಶ್ವವಿದ್ಯಾಲಯದ್ದು. ದೊಡ್ಡ ವಿಶ್ವವಿದ್ಯಾಲಯಗಳ ಪ್ರವೇಶ ಕಚೇರಿಗಳಲ್ಲಿ ಭಾರತದ ಅಂಕಪಟ್ಟಿಗಳನ್ನೇ ವರ್ಷಗಟ್ಟಲೆ ನೋಡಿ ಪಳಗಿದವರು ಇರುತ್ತಾರೆ. ಉಳಿದವು ಹೊರಗಿನ ಮೌಲ್ಯಮಾಪನ ಸಂಸ್ಥೆಗಳ ವರದಿ ಕೇಳುತ್ತವೆ. 1974ರಲ್ಲಿ ಸ್ಥಾಪನೆಯಾದ ವರ್ಲ್ಡ್ ಎಜುಕೇಷನ್ ಸರ್ವಿಸಸ್ ಅಂಥದ್ದೊಂದು ಸಂಸ್ಥೆ; ನಮ್ಮ ಹುಡುಗರ ಬಾಯಲ್ಲಿ ಅದು 'ವೆಸ್'. ಇಂಥ ಸಂಸ್ಥೆಗಳಿಗೆ 1987ರಿಂದ ನೇಸಸ್ ಎಂಬ ಒಂದು ಒಕ್ಕೂಟವೂ ಇದೆ. ವಿಶ್ವವಿದ್ಯಾಲಯ ವರದಿ ಕೇಳಿದ್ದರೆ, ಯಾವ ಸಂಸ್ಥೆಯ ವರದಿಯನ್ನು ಒಪ್ಪುತ್ತದೆ ಎಂದು ಅದರ ಸೂಚನೆಗಳಲ್ಲಿಯೇ ನೋಡಿಕೊಳ್ಳಿ. ಕೇಳದಿದ್ದರೆ ಅದಕ್ಕೆ ಹಣ ಸುರಿಯುವ ಅಗತ್ಯ ಇಲ್ಲ.

ಈ ಬಲ್ಲವರು ಹೇಗೆ ಲೆಕ್ಕ ಹಾಕುತ್ತಾರೆ? ಅವರ ಕೋಷ್ಟಕಗಳು ಒಂದೇ ರೀತಿ ಇರುವುದಿಲ್ಲವಾದರೂ, ಹಿಂದಿನ ತತ್ತ್ವ ಒಂದೇ. ಶೇಕಡಾವಾರು ಅಂಕವನ್ನು ಅವರು ಭಾಗಿಸುವುದಿಲ್ಲ. ಆ ದೇಶದಲ್ಲಿ ಆ ಅಂಕಕ್ಕೆ ಯಾವ ದರ್ಜೆ ಎಂದು ನೋಡಿ, ಆ ದರ್ಜೆಗೆ ತಕ್ಕ ಅಕ್ಷರವನ್ನು ಹುಡುಕುತ್ತಾರೆ. ಭಾರತದ ಪದವಿ ಅಂಕಗಳಿಗೆ ಸ್ಥೂಲವಾಗಿ, ಪ್ರಥಮ ದರ್ಜೆಯ ಅಂಕವನ್ನು 'ಎ' ಎಂದೂ, ದ್ವಿತೀಯ ದರ್ಜೆಯನ್ನು 'ಬಿ' ಎಂದೂ, ಬರಿಯ ಉತ್ತೀರ್ಣತೆಯನ್ನು 'ಸಿ' ಎಂದೂ ಹಿಡಿಯುವ ಕೋಷ್ಟಕಗಳು ಬಳಕೆಯಲ್ಲಿವೆ. ಕೆಲವರು ನಡುನಡುವೆ 'ಬಿ ಪ್ಲಸ್' ಮುಂತಾದ ಮೆಟ್ಟಿಲುಗಳನ್ನೂ ಇಡುತ್ತಾರೆ.

ಕಾಗದ, ಪೆನ್ಸಿಲು ತೆಗೆದುಕೊಳ್ಳಿ. ಒಬ್ಬ ವಿದ್ಯಾರ್ಥಿಗೆ ಆರು ವಿಷಯಗಳಲ್ಲಿ 72, 64, 58, 61, 49, 66 ಬಂದಿದೆ. ಆರಕ್ಕೂ ಒಂದೇ ತೂಕ ಎಂದಿಟ್ಟುಕೊಳ್ಳೋಣ. ಒಟ್ಟು 370, ಸರಾಸರಿ 61.67. ಇದನ್ನು 25ರಿಂದ ಭಾಗಿಸಿದರೆ 2.47. ಈಗ ನಾನು ಹೇಳಿದ ಸ್ಥೂಲ ಕೋಷ್ಟಕವನ್ನು ವಿಷಯವಾರು ಹಚ್ಚಿ ನೋಡಿ. 72, 64, 61, 66 ಈ ನಾಲ್ಕಕ್ಕೆ 'ಎ', 58ಕ್ಕೆ 'ಬಿ', 49ಕ್ಕೆ 'ಸಿ'. ಹದಿನಾರು, ಮೂರು, ಎರಡು ಕೂಡಿ 21. ಆರರಿಂದ ಭಾಗಿಸಿದರೆ 3.5. ಅದೇ ಹುಡುಗ, ಅದೇ ಅಂಕಪಟ್ಟಿ. ಒಂದು ಲೆಕ್ಕದಲ್ಲಿ ಬಾಗಿಲ ಹೊರಗೆ, ಇನ್ನೊಂದರಲ್ಲಿ ಒಳಗೆ.

ಆದರೆ ಈ 3.5 ಅನ್ನು ಅರ್ಜಿಯಲ್ಲಿ ತುಂಬಿಬಿಡಲು ಹೊರಟಿರಾ? ದಯವಿಟ್ಟು ಬೇಡ. ನಾನು ತೋರಿಸಿದ್ದು ಲೆಕ್ಕದ ಜಾಡನ್ನು ಮಾತ್ರ. ನಿಮ್ಮ ಅಂಕವನ್ನು ಪರಿವರ್ತಿಸುವ ಅಧಿಕಾರ ನಿಮ್ಮದಲ್ಲ. ಸ್ವಂತ ಪರಿವರ್ತನೆ ಕಡಿಮೆಯಾದರೆ ನಿಮಗೆ ನಷ್ಟ. ಹೆಚ್ಚಾದರೆ ಇನ್ನೂ ದೊಡ್ಡ ನಷ್ಟ. ಪ್ರವೇಶ ಸಿಕ್ಕ ಮೇಲೆ ನಿಮ್ಮ ವಿಶ್ವವಿದ್ಯಾಲಯದ ಮೂಲ ದಾಖಲೆ ಅಲ್ಲಿಗೆ ಹೋಗಿಯೇ ಹೋಗುತ್ತದೆ. ಅರ್ಜಿಯಲ್ಲಿ ಬರೆದದ್ದಕ್ಕೂ ಅದಕ್ಕೂ ತಾಳೆ ಬೀಳದಿದ್ದರೆ ಕೊಟ್ಟ ಪ್ರವೇಶವನ್ನು ಹಿಂದಕ್ಕೆ ಪಡೆಯುವ ಹಕ್ಕು ಅವರಿಗಿದೆ. ಟಿಕೆಟ್ ತೆಗೆದಿಟ್ಟ ಮೇಲೆ ಅಂಥ ಪತ್ರ ಬಂದರೆ ಮನೆಯವರ ಮುಖ ಹೇಗೆ ನೋಡುತ್ತೀರಿ? ಹಣ ತೆಗೆದುಕೊಂಡು "ನಿಮ್ಮದು 3.9 ಮಾಡಿಕೊಡುತ್ತೇವೆ" ಎನ್ನುವ ಸಲಹೆಗಾರರು ನಮ್ಮ ಊರುಗಳಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅರ್ಜಿಯ ಕೊನೆಯಲ್ಲಿ ಸಹಿ ಮಾಡುವವರು ಅವರಲ್ಲ, ನೀವು.

ಇದ್ದದ್ದನ್ನು ಇದ್ದ ಹಾಗೆ ಬರೆಯುವುದೇ ಕ್ರಮ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವು ಪದವಿ ತರಗತಿಗೆ ಅರ್ಜಿ ಹಾಕುವ ವಿದೇಶಿ ವಿದ್ಯಾರ್ಥಿಗಳಿಗೆ, ಅಂಕಪಟ್ಟಿಯಲ್ಲಿ ಹೇಗಿದೆಯೋ ಹಾಗೆಯೇ ಬರೆಯಿರಿ, ಅಮೆರಿಕದ ಅಕ್ಷರಗಳಿಗೆ ಬದಲಿಸಬೇಡಿ ಎಂದು ಸ್ಪಷ್ಟವಾಗಿ ಹೇಳುತ್ತದೆ. ನೂರಾರು ಕಾಲೇಜುಗಳು ಬಳಸುವ ಕಾಮನ್ ಅಪ್ಲಿಕೇಷನ್ ಎಂಬ ಅರ್ಜಿಯಲ್ಲಿ, ನಿಮ್ಮ ಶಾಲೆ ಜಿ.ಪಿ.ಎ. ಕೊಡದಿದ್ದರೆ ಆ ಜಾಗವನ್ನು ಖಾಲಿ ಬಿಡಬಹುದು. ಇನ್ನು ಕೆಲವು ಅರ್ಜಿಗಳಲ್ಲಿ ಎರಡು ಚೌಕಗಳಿರುತ್ತವೆ: ಪಡೆದದ್ದು ಎಷ್ಟು, ಗರಿಷ್ಠ ಎಷ್ಟು. 68 ಮತ್ತು 100 ಎಂದು ಬರೆಯಿರಿ, ಮುಗಿಯಿತು. ಗರಿಷ್ಠ ಅಂಕ ಬರೆಯುವುದನ್ನು ಮಾತ್ರ ಎಂದೂ ಮರೆಯಬಾರದು. 625ಕ್ಕೆ ನೀಡಿದ ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ 560 ಎಂದಿದ್ದರೆ, ಪ್ರಥಮ ಭಾಷೆಗೆ 125, ಉಳಿದವಕ್ಕೆ ತಲಾ ನೂರು ಎಂಬುದು ನಮಗೆ ಗೊತ್ತು. ಬಾಸ್ಟನ್ನಿನಲ್ಲಿ ಕುಳಿತವರಿಗೆ ಹೇಗೆ ಗೊತ್ತಾಗಬೇಕು?

ನನ್ನ ಆ ಹಳೆಯ ವಿದ್ಯಾರ್ಥಿ ಮರುವರ್ಷ ಹೀಗೆಯೇ ಮಾಡಿದ. ಐದು ಕಡೆ ಅರ್ಜಿ ಹಾಕಿದ, ಎರಡು ಕಡೆ ಪ್ರವೇಶ ಸಿಕ್ಕಿತು. ಅವನ 2.72 ಎಲ್ಲಿ ಎಂದು ಯಾರೂ ಕೇಳಲಿಲ್ಲ.

ಈಚೆಗೆ ಹತ್ತರ ಮಾನದ ಸಿ.ಜಿ.ಪಿ.ಎ. ಬಂದ ಮೇಲೆ ಗೊಂದಲ ಕಡಿಮೆಯಾಗುವ ಬದಲು ಹೆಚ್ಚಾಗಿದೆ. ಹೆಸರು ಅಮೆರಿಕದ್ದೇ ಆದ್ದರಿಂದ, 8.0 ಇದ್ದರೆ ನಾಲ್ಕರಿಂದ ಗುಣಿಸಿ ಹತ್ತರಿಂದ ಭಾಗಿಸಿ 3.2 ಎನ್ನುವವರು ಹೆಚ್ಚು. ಇದೂ ಅದೇ ಹಳೆಯ ಭಾಗಾಕಾರ, ಹೊಸ ಅಂಗಿ ತೊಟ್ಟಿದೆ ಅಷ್ಟೆ. ಹತ್ತರ ಮಾನವನ್ನು ನೂರಕ್ಕೆ ತರುವಾಗಲೂ ನಮ್ಮಲ್ಲಿಯೇ ಒಮ್ಮತ ಇಲ್ಲ. ಕೇಂದ್ರೀಯ ಮಂಡಳಿ ಹತ್ತನೆಯ ತರಗತಿಗೆ ಗ್ರೇಡು ಕೊಡುತ್ತಿದ್ದ ಕಾಲದಲ್ಲಿ 9.5ರಿಂದ ಗುಣಿಸಿ ಎಂದಿತ್ತು, 8.0 ಇದ್ದವರಿಗೆ 76 ಆಗುತ್ತಿತ್ತು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ 2015ರ ಸ್ಕೀಮಿನವರಿಗೆ 0.75 ಕಳೆದು ಹತ್ತರಿಂದ ಗುಣಿಸುವ ಸೂತ್ರ ಕೊಟ್ಟಿತು, ಅದೇ 8.0ಗೆ 72.5 ಬಂತು. ಆದ್ದರಿಂದ ಸಿ.ಜಿ.ಪಿ.ಎ. ಇದ್ದರೆ ಸಿ.ಜಿ.ಪಿ.ಎ.ಯನ್ನೇ ಬರೆಯಿರಿ, ಗರಿಷ್ಠ 10 ಎಂದು ಸೇರಿಸಿ. ಶೇಕಡಾ ಕೇಳಿದರೆ ನಿಮ್ಮ ವಿಶ್ವವಿದ್ಯಾಲಯ ನಿಮ್ಮ ಸ್ಕೀಮಿಗೆ ಕೊಟ್ಟ ಸೂತ್ರವನ್ನು ಮಾತ್ರ ಬಳಸಿ. ಗೆಳೆಯನ ಕಾಲೇಜಿನದು ಬೇಡ.

ಪ್ರಥಮ ದರ್ಜೆಯೆಲ್ಲ 'ಎ' ಎಂದು ಕೇಳಿ ಹಿಗ್ಗಿದವರಿಗೆ ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಹೆಸರಾಂತ ವಿಶ್ವವಿದ್ಯಾಲಯಗಳಿಗೆ ಬರುವ ಅರ್ಜಿದಾರರಲ್ಲಿ ಬಹುಪಾಲು ಜನ 'ಎ' ಪಡೆದವರೇ. ಅದೂ ಅಲ್ಲದೆ ಈಗ ಪಿ.ಯು.ಸಿ.ಯಲ್ಲಿ 95 ದಾಟಿದವರು ಒಂದೊಂದು ಕಾಲೇಜಿನಲ್ಲೂ ಸಾಲಾಗಿ ನಿಂತಿರುತ್ತಾರೆ. ಅಂಥ ಕಡೆ 82 ಎಂದರೆ ಕೋಷ್ಟಕದಲ್ಲಿ 'ಎ' ಇರಬಹುದು, ತರಗತಿಯಲ್ಲಿ ಮಧ್ಯಮ. ಪ್ರವೇಶ ಸಮಿತಿಯವರು ಅಂಕದ ಜೊತೆಗೆ, ಅದೇ ಕಾಲೇಜಿನಲ್ಲಿ ಉಳಿದವರಿಗೆ ಎಷ್ಟು ಬಂದಿದೆ ಎಂಬುದನ್ನೂ ತಿಳಿಯಬಯಸುತ್ತಾರೆ. ಇದಕ್ಕಾಗಿಯೇ ಶಾಲೆಯಿಂದ ಒಂದು ಪರಿಚಯಪತ್ರ ಕೇಳುವುದುಂಟು. ಅಮೆರಿಕದ ಶಾಲೆಗಳಲ್ಲಿ ಸಾಮಾನ್ಯವಾಗಿ ಕೌನ್ಸಿಲರ್ ಎಂಬುವರು ಇದನ್ನು ಬರೆದು ಕಳಿಸುತ್ತಾರೆ. ನಮ್ಮ ತಾಲ್ಲೂಕಿನ ಕಾಲೇಜಿನಲ್ಲಿ ಅಂಥವರು ಎಲ್ಲಿಂದ ಬರಬೇಕು? ಪ್ರಾಂಶುಪಾಲರ ಬಳಿಗೇ ಹೋಗಿ. ಕಾಲೇಜಿನಲ್ಲಿ ಎಷ್ಟು ವಿದ್ಯಾರ್ಥಿಗಳು, ಆ ವರ್ಷ ಎಷ್ಟು ಮಂದಿಗೆ ಡಿಸ್ಟಿಂಕ್ಷನ್, ಎಷ್ಟು ಮಂದಿಗೆ ಪ್ರಥಮ ದರ್ಜೆ, ನಿಮ್ಮ ಸ್ಥಾನ ಎಷ್ಟನೆಯದು ಎಂದು ಒಂದು ಪುಟದಲ್ಲಿ ಬರೆಸಿಕೊಡುವಂತೆ ವಿನಯದಿಂದ ಕೇಳಿ. 71 ಅಂಕ ಪಡೆದು ಇಡೀ ಕಾಲೇಜಿಗೆ ಎರಡನೆಯವಳಾದ ಹುಡುಗಿಗೆ ಆ ಒಂದು ಪುಟ ಯಾವ ಪರಿವರ್ತನೆಗಿಂತಲೂ ಹೆಚ್ಚಿನ ಸಹಾಯ ಮಾಡುತ್ತದೆ.

ಪಿ.ಯು.ಸಿ. ಆದೊಡನೆ ಅಲ್ಲಿ ಪದವಿಗೆ ಸೇರಬೇಕೆನ್ನುವವರು ಗಮನಿಸಬೇಕಾದ ಮತ್ತೊಂದು ಸಂಗತಿ ಇದೆ. ಅಮೆರಿಕದಲ್ಲಿ ಹೈಸ್ಕೂಲು ಎಂದರೆ 9ರಿಂದ 12ನೆಯ ತರಗತಿವರೆಗೆ ನಾಲ್ಕು ವರ್ಷ. ಅವರು ನಾಲ್ಕೂ ವರ್ಷದ ಅಂಕ ಕೇಳುತ್ತಾರೆ. ನಮ್ಮವರು ಎಸ್.ಎಸ್.ಎಲ್.ಸಿ. ಮತ್ತು ದ್ವಿತೀಯ ಪಿ.ಯು.ಸಿ. ಅಂಕಪಟ್ಟಿಗಳನ್ನು ಪ್ಲಾಸ್ಟಿಕ್ ಹೊದಿಸಿ ಬೀರುವಿನಲ್ಲಿ ಇಡುತ್ತಾರೆ. ಒಂಬತ್ತನೆಯ ತರಗತಿಯದು ಮತ್ತು ಪ್ರಥಮ ಪಿ.ಯು.ಸಿ.ಯದು ಯಾವ ಹಳೆಯ ಪುಸ್ತಕದಲ್ಲಿ ಸೇರಿಹೋಯಿತೋ ದೇವರೇ ಬಲ್ಲ. ಈ ಪುಟ ಓದುತ್ತಿರುವ ನೀವು ಈಗ ಒಂಬತ್ತರಲ್ಲಿದ್ದರೆ, ಅಂಕಪಟ್ಟಿ ಬಂದ ದಿನವೇ ಅದನ್ನು ಉಳಿದವುಗಳ ಜೊತೆ ಇಡಿ. ಕಳೆದುಹೋಗಿದ್ದರೆ ಶಾಲೆಯ ದಾಖಲೆ ಪುಸ್ತಕದಿಂದ ದೃಢೀಕರಿಸಿದ ಪ್ರತಿ ಪಡೆಯಬಹುದು, ಆದರೆ ಅದಕ್ಕೆ ಎಷ್ಟು ಸಲ ಓಡಾಡಬೇಕಾದೀತು ಎಂಬುದು ಗುಮಾಸ್ತರ ಕೈಯಲ್ಲಿದೆ.

ಅಂಕಕ್ಕೆ ಅಂಟಿಕೊಂಡ ಇನ್ನೊಂದು ಪ್ರಶ್ನೆ ವರ್ಷಗಳದು. ಅಮೆರಿಕದ ಪದವಿ ನಾಲ್ಕು ವರ್ಷದ್ದು, ಸಾಮಾನ್ಯವಾಗಿ 120 ಕ್ರೆಡಿಟ್. ನಮ್ಮ ಬಿ.ಎಸ್‌ಸಿ., ಬಿ.ಕಾಂ. ಮೂರು ವರ್ಷ. ಕರ್ನಾಟಕದಲ್ಲಿ 2021ರಲ್ಲಿ ನಾಲ್ಕು ವರ್ಷದ ಆನರ್ಸ್ ಬಂದು, 2024ರಲ್ಲಿ ಮತ್ತೆ ಮೂರು ವರ್ಷದ ಪದವಿಗೆ ಮರಳಿದ್ದು ನಿಮಗೆ ಗೊತ್ತೇ ಇದೆ. ಮೂರು ವರ್ಷದ ಪದವಿಯನ್ನು ಅಲ್ಲಿ ಕೆಲವು ವಿಶ್ವವಿದ್ಯಾಲಯಗಳು ಒಪ್ಪುತ್ತವೆ, ಕೆಲವು ಮೇಲೊಂದು ವರ್ಷದ ಓದು ಕೇಳುತ್ತವೆ. ಅರ್ಜಿ ಶುಲ್ಕ ಕಟ್ಟುವ ಮೊದಲೇ ಈ ಒಂದು ಪ್ರಶ್ನೆಯನ್ನು ಆಯಾ ವಿಭಾಗಕ್ಕೆ ಬರೆದು ಕೇಳಿ. ಇಂಜಿನಿಯರಿಂಗ್‌ನವರಿಗೆ ಈ ಚಿಂತೆ ಇಲ್ಲ.

ಕೆಲವರಿಗೆ ಒಂದೆರಡು ವಿಷಯ ಉಳಿದು, ಆಮೇಲೆ ಕಟ್ಟಿ ಪಾಸಾಗಿರುತ್ತದೆ. ಅದನ್ನು ಬಚ್ಚಿಡುವುದು ಹೇಗೆ ಎಂದು ನನ್ನನ್ನು ಕೇಳಿದವರುಂಟು. ಅಂಕಪಟ್ಟಿಯಲ್ಲಿ ತಿಂಗಳು, ವರ್ಷ ಇರುತ್ತದಲ್ಲ, ಬಚ್ಚಿಡುವುದು ಆಗದ ಕೆಲಸ. ಎಲ್ಲ ಅಂಕಪಟ್ಟಿಗಳನ್ನೂ ಕೊಡಿ. ಕಾಯಿಲೆಯೋ, ಮನೆಯ ತೊಂದರೆಯೋ ನಿಜವಾಗಿ ಇದ್ದಿದ್ದರೆ ಅರ್ಜಿಯಲ್ಲಿ ಎರಡು ಸಾಲು ಬರೆಯಲು ಜಾಗ ಇರುತ್ತದೆ. ಮುಂದಿನ ಸೆಮಿಸ್ಟರುಗಳಲ್ಲಿ ಅಂಕ ಏರಿದ್ದರೆ ಅದೂ ಅವರ ಕಣ್ಣಿಗೆ ಬೀಳುತ್ತದೆ.

ಇನ್ನು ಟ್ರಾನ್ಸ್‌ಕ್ರಿಪ್ಟ್ ವಿಷಯ. ಇದು ಅಂಕಪಟ್ಟಿಯ ಜೆರಾಕ್ಸ್ ಅಲ್ಲ. ನೀವು ಓದಿದ ಎಲ್ಲ ಸೆಮಿಸ್ಟರುಗಳ ವಿಷಯ, ಅಂಕ, ಗರಿಷ್ಠ ಅಂಕಗಳನ್ನು ಒಟ್ಟಾಗಿಸಿ ವಿಶ್ವವಿದ್ಯಾಲಯವೇ ಸಹಿ, ಮೊಹರು ಹಾಕಿ ಕೊಡುವ ಪತ್ರ. ಅದರ ಹಿಂಭಾಗದಲ್ಲೋ ಕೊನೆಯಲ್ಲೋ ದರ್ಜೆಗಳ ವಿವರಣೆ, ಅಂದರೆ ಎಷ್ಟಕ್ಕೆ ಪ್ರಥಮ ದರ್ಜೆ, ಎಷ್ಟಕ್ಕೆ ಉತ್ತೀರ್ಣ ಎಂಬುದು ಅಚ್ಚಾಗಿದೆಯೇ ನೋಡಿ. ನಿಮ್ಮ 68ನ್ನು ಅಲ್ಲಿನವರು ಸರಿಯಾಗಿ ಓದಲು ಆ ನಾಲ್ಕು ಸಾಲೇ ಕೀಲಿಕೈ. ಇಲ್ಲದಿದ್ದರೆ ಪರೀಕ್ಷಾ ವಿಭಾಗದಲ್ಲಿ ಕೇಳಿ ಪ್ರತ್ಯೇಕ ಪತ್ರ ಪಡೆಯಿರಿ. ಮೌಲ್ಯಮಾಪನ ಸಂಸ್ಥೆಗಳು ಟ್ರಾನ್ಸ್‌ಕ್ರಿಪ್ಟ್ ವಿಶ್ವವಿದ್ಯಾಲಯದಿಂದ ನೇರವಾಗಿ ಬರಬೇಕೆಂದು ಕೇಳುವುದು ಸಾಮಾನ್ಯ. ಲಕೋಟೆ ನಿಮ್ಮ ಕೈಗೆ ಬಂದರೂ ಅದರ ಮೊಹರು ಒಡೆಯಬೇಡಿ.

ಹೆಸರನ್ನೂ ಒಮ್ಮೆ ತಾಳೆ ನೋಡಿ. ನಮ್ಮ ಕಡೆ ಅಂಕಪಟ್ಟಿಯಲ್ಲಿ ಇನಿಷಿಯಲ್ ಇರುತ್ತದೆ, ಪಾಸ್‌ಪೋರ್ಟಿನಲ್ಲಿ ಅದೇ ಇನಿಷಿಯಲ್ ಬಿಡಿಸಿಕೊಂಡು ಊರು, ತಂದೆಯ ಹೆಸರು ಎಲ್ಲ ಆಗಿರುತ್ತದೆ. ಇಬ್ಬರೂ ಒಬ್ಬರೇ ಎಂದು ತೋರಿಸುವ ಪ್ರಮಾಣಪತ್ರ ಬೇಕಾಗಬಹುದು. ಪ್ರವೇಶದ ಕೊನೆಯ ದಿನಾಂಕಗಳು ಬಹುತೇಕ ಡಿಸೆಂಬರ್, ಜನವರಿಯಲ್ಲಿ ಬರುತ್ತವೆ. ದಸರಾ ರಜೆ ಶುರುವಾಗುವ ಮೊದಲೇ ಟ್ರಾನ್ಸ್‌ಕ್ರಿಪ್ಟಿಗೆ ಅರ್ಜಿ ಕೊಟ್ಟು ರಸೀದಿ ತೆಗೆದುಕೊಳ್ಳಿ.